ಹೊಸ ಆಯಿಲ್ ಸೀಲ್ ಹಾಕಿದರೂ ಸೋರಿಕೆ ನಿಲ್ಲದಿರುವುದೇಕೆ?

ಟ್ರ್ಯಾಕ್ಟರ್ ನಿಲ್ಲಿಸಿದ ಜಾಗದಲ್ಲಿ ಕಪ್ಪು ಮಚ್ಚೆ ಬಿದ್ದಿದ್ದರೆ ಹೆಚ್ಚಿನವರು ಮಾಡುವ ಮೊದಲ ಕೆಲಸ ಅಂಗಡಿಗೆ ಹೋಗಿ ಸೀಲ್ ತರುವುದು. ಅದು ಕೊನೆಯ ಕೆಲಸವಾಗಬೇಕು. ಆಯಿಲ್ ಸೀಲ್, ಎಂದರೆ ತಿರುಗುವ ಶಾಫ್ಟ್ ಹೊರಬರುವ ಕಡೆ ಆಯಿಲ್ ಸೋರದಂತೆ ತಡೆಯುವ ರಬ್ಬರ್ ಉಂಗುರ, ಅಗ್ಗದ ವಸ್ತು. ಅದನ್ನು ಹಾಕಲು ಬಿಚ್ಚಬೇಕಾದ ಭಾಗಗಳು ಅಗ್ಗವಲ್ಲ. ಸೀಲ್ ಏಕೆ ಸವೆಯಿತು ಎಂಬುದನ್ನು ತಿಳಿಯದೆ ಹೊಸದನ್ನು ಕೂರಿಸಿದರೆ ಮುಂದಿನ ಸುಗ್ಗಿಯ ಹೊತ್ತಿಗೆ ಅದೇ ಮಚ್ಚೆ ಮತ್ತೆ ಬಿದ್ದಿರುತ್ತದೆ.

ದಾವಣಗೆರೆ ಸುತ್ತಮುತ್ತಲಿನ ಹಳೆಯ ಟ್ರ್ಯಾಕ್ಟರ್‌ಗಳಿಗೆ ಎರಡು ಕಡೆಯಿಂದ ಏಟು. ಭದ್ರಾ ನಾಲೆಯ ಗದ್ದೆಗಳಲ್ಲಿ ಕೇಜ್ ವೀಲ್ ಕಟ್ಟಿ ಕೆಸರು ಮಾಡುವಾಗ ಮಣ್ಣುನೀರು ಎಂಜಿನ್ ಮುಂದೆ ಫ್ಯಾನ್ ಬೆಲ್ಟ್ ತಿರುಗಿಸುವ ಕ್ರ್ಯಾಂಕ್ ಪುಲ್ಲಿಯವರೆಗೂ ಚಿಮ್ಮುತ್ತದೆ. ಆಮೇಲೆ ಮೆಕ್ಕೆಜೋಳದ ಒಕ್ಕಣೆ. ನಿಂತಲ್ಲೇ ಗಂಟೆಗಟ್ಟಲೆ ಎಂಜಿನ್ ಓಡುತ್ತದೆ, ಸುತ್ತ ರವದಿಯ ದೂಳು. ಆ ದೂಳು ಎಂಜಿನ್ ಒಳಗಿನ ಹಬೆ ಹೊರಬಿಡುವ ಬ್ರೀದರ್ ಜಾಲರಿಯಲ್ಲಿ ಕೂತು ಆಯಿಲ್ ಜೊತೆ ಸೇರಿ ಮೇಣದಂತೆ ಗಟ್ಟಿಯಾಗುತ್ತದೆ. ಒಳಗಿನ ಹಬೆಗೆ ಹೊರಹೋಗಲು ದಾರಿ ಇಲ್ಲದಾಗ ಅದು ಸೀಲ್‌ನ ತುಟಿಯನ್ನೇ (ಶಾಫ್ಟಿಗೆ ಒತ್ತಿಕೊಳ್ಳುವ ಒಳ ಅಂಚನ್ನೇ) ಎತ್ತಿ ಆಯಿಲ್ ಅನ್ನು ಹೊರದಬ್ಬುತ್ತದೆ. ಅಂಥ ಕಡೆ ತಪ್ಪು ಸೀಲ್‌ನದ್ದಲ್ಲ.

ಆದ್ದರಿಂದ ಮೊದಲು ಬ್ರೀದರ್ ಬಿಚ್ಚಿ ಡೀಸೆಲ್‌ನಲ್ಲಿ ತೊಳೆಯಿರಿ, ಕೊಳವೆಯೊಳಗೆ ಗಾಳಿ ಹಾಯುತ್ತಿದೆಯೇ ನೋಡಿ. ಎಂಜಿನ್ ಓಡುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ಗಮನಿಸಿ. ಸ್ವಲ್ಪ ಹಬೆ ಸಹಜ. ಹೊಗೆ ಭುಸುಗುಡುತ್ತಾ ಬಂದರೆ ಪಿಸ್ಟನ್ ರಿಂಗ್, ಲೈನರ್ ಸವೆದಿವೆ. ಅದಕ್ಕೆ ಸೀಲ್ ಬದಲಿಸುವುದು ಮದ್ದಲ್ಲ. ಟ್ರ್ಯಾಕ್ಟರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಡಿಪ್‌ಸ್ಟಿಕ್ ಕೂಡ ನೋಡಿ. ಸೋರುತ್ತದೆಂದು ಮೇಲಿನ ಗೆರೆ ದಾಟುವಷ್ಟು ಆಯಿಲ್ ತುಂಬಿಸಿಟ್ಟುಕೊಳ್ಳುವವರಿದ್ದಾರೆ. ಅದರಿಂದ ಸೋರಿಕೆ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ.

ಸೋರುತ್ತಿರುವುದು ಎಲ್ಲಿಂದ?

ಎಂಜಿನ್‌ನ ಮುಂಭಾಗವನ್ನು ಡೀಸೆಲ್ ಮತ್ತು ಬ್ರಷ್‌ನಿಂದ ತೊಳೆದು, ಬಟ್ಟೆಯಿಂದ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿ. ಕಾಲು ಗಂಟೆ ಓಡಿಸಿ ನಿಲ್ಲಿಸಿ. ಪುಡಿ ಮೊದಲು ಎಲ್ಲಿ ಕಪ್ಪಾಯಿತೋ ಅದೇ ಮೂಲ. ರಾಕರ್ ಕವರ್‌ನ ಪ್ಯಾಕಿಂಗ್, ಆಯಿಲ್ ಪ್ರೆಶರ್ ಮೀಟರಿಗೆ ಹೋಗುವ ಸಣ್ಣ ಪೈಪು, ಚೇಂಬರ್‌ನ ಮುಂದಿನ ಅಂಚು, ಇವುಗಳಿಂದ ಇಳಿದ ಆಯಿಲ್ ಅನ್ನು ಫ್ಯಾನಿನ ಗಾಳಿ ಎಲ್ಲೆಡೆ ಹರಡುವುದರಿಂದ ನಿರಪರಾಧಿ ಸೀಲ್ ಮೇಲೆ ಆರೋಪ ಬರುತ್ತದೆ. ಪುಲ್ಲಿಯ ಹಿಂದಿನಿಂದ, ಸುತ್ತ ಉಂಗುರದಂತೆ ಪುಡಿ ಕಪ್ಪಾಗಿದ್ದರೆ ಮಾತ್ರ ಕ್ರ್ಯಾಂಕ್ ಶಾಫ್ಟಿನ ಮುಂದಿನ ಸೀಲ್ ಹೋಗಿದೆ ಎಂದರ್ಥ.

ಬಿಚ್ಚುವುದು

ಬ್ಯಾಟರಿಯ ತಂತಿ ಕಳಚಿ, ರೇಡಿಯೇಟರ್ ನೀರು ಬಸಿದು, ಮುಂದಿನ ಜಾಲರಿ, ಹೋಸ್ ಪೈಪುಗಳು, ರೇಡಿಯೇಟರ್, ಫ್ಯಾನ್ ಬೆಲ್ಟ್ ತೆಗೆಯಿರಿ. ಹಳೆಯ ಟ್ರ್ಯಾಕ್ಟರ್‌ಗಳಲ್ಲಿ ಪುಲ್ಲಿಯನ್ನು ಹಿಡಿದಿರುವುದು ಹ್ಯಾಂಡಲ್ ಸಿಕ್ಕಿಸುವ ದೊಡ್ಡ ನಟ್. ಅದರ ಕೆಳಗೆ ಮಡಚಿದ ತಗಡಿನ ವಾಷರ್ ಇದ್ದರೆ ಉಳಿಯಿಂದ ನೇರ ಮಾಡಿ, ಗೇರ್ ಹಾಕಿ ಒಬ್ಬರು ಬ್ರೇಕ್ ಒತ್ತಿ ಹಿಡಿದಿರುವಾಗ ಇನ್ನೊಬ್ಬರು ಬಾಕ್ಸ್ ಪಾನಾದಿಂದ ತಿರುಗಿಸಬೇಕು. ಪುಲ್ಲಿಯನ್ನು ಪುಲ್ಲರ್ ಹಾಕಿಯೇ ಎಳೆಯಿರಿ. ಬೀಡು ಕಬ್ಬಿಣದ ಪುಲ್ಲಿಯ ಅಂಚಿಗೆ ಸುತ್ತಿಗೆ ಬಿದ್ದರೆ ಚಕ್ಕೆ ಹಾರುತ್ತದೆ, ಹಳೆಯ ಮಾಡೆಲ್‌ಗೆ ಮತ್ತೊಂದು ಪುಲ್ಲಿ ಹುಡುಕುವುದು ಸುಲಭವಲ್ಲ. ಅರ್ಧಚಂದ್ರಾಕಾರದ ಕೀಲಿಯನ್ನು ಡಬ್ಬಿಯಲ್ಲಿ ಹಾಕಿಡಿ. ಪುಲ್ಲಿಯ ಹಿಂದೆ ಆಯಿಲ್ ಎರಚುವ ತಗಡಿನ ತಟ್ಟೆ ಇದ್ದರೆ ಅದರ ಯಾವ ಮುಖ ಹೊರಗಿತ್ತು ಎಂದು ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ತಿರುಗುಮುರುಗಾಗಿ ಹಾಕಿದರೆ ಆಯಿಲ್ ನೇರ ಸೀಲ್ ಮೇಲೆ ಬರುತ್ತದೆ.

ಕೆಲವು ಎಂಜಿನ್‌ಗಳಲ್ಲಿ ಸೀಲ್ ಹೊರಗಿನಿಂದಲೇ ಬರುತ್ತದೆ, ಕೆಲವಕ್ಕೆ ಎಂಜಿನ್ ಮುಂದಿನ ಗೇರುಗಳನ್ನು ಮುಚ್ಚಿರುವ ಟೈಮಿಂಗ್ ಕವರ್ ಇಳಿಸಲೇಬೇಕು. ಇಳಿಸಿದರೆ ಒಳಗಿನ ಗೇರ್‌ಗಳನ್ನು ಮುಟ್ಟಬೇಡಿ, ಕವರ್‌ಗೆ ಹೊಸ ಪ್ಯಾಕಿಂಗ್ ಇಟ್ಟುಕೊಂಡಿರಿ. ಹಳೆಯ ಸೀಲ್ ಅನ್ನು ಮೀಟುವಾಗ ಸ್ಕ್ರೂಡ್ರೈವರ್ ತುದಿ ಶಾಫ್ಟಿಗೂ ಸೀಲ್ ಕೂರುವ ಗೂಡಿಗೂ ತಗಲಬಾರದು. ಅಲ್ಲೊಂದು ಗೀರು ಬಿದ್ದರೆ ಅದೇ ಹೊಸ ಸೋರಿಕೆಯ ಕಾಲುವೆ.

ಇಲ್ಲಿ ಅವಸರ ಬೇಡ

ಪುಲ್ಲಿಯ ಕತ್ತನ್ನು, ಎಂದರೆ ಸೀಲ್‌ನ ತುಟಿ ಉಜ್ಜುವ ಜಾಗವನ್ನು, ಒರೆಸಿ ಬೆಳಕಿಗೆ ಹಿಡಿಯಿರಿ. ವರ್ಷಗಟ್ಟಲೆ ಉಜ್ಜಿದ ರಬ್ಬರ್, ಅದರಡಿ ಸಿಕ್ಕ ದೂಳು ಸೇರಿ ಕಬ್ಬಿಣವನ್ನೂ ಕೊರೆದಿರುತ್ತವೆ. ಉಗುರು ಎಳೆದು ನೋಡಿ. ಬರೀ ಹೊಳಪಿನ ಗೆರೆಯಿದ್ದರೆ ನಯವಾದ ಎಮರಿ ಪೇಪರನ್ನು ಸುತ್ತ ತಿರುಗಿಸಿ ಉಜ್ಜಿದರೆ ಸಾಕು, ಉದ್ದಕ್ಕೆ ಉಜ್ಜಬಾರದು. ಉಗುರು ಸಿಕ್ಕಿಕೊಂಡರೆ ಅದು ಹೊಂಡ. ಎಷ್ಟು ಒಳ್ಳೆಯ ಸೀಲ್ ತಂದರೂ ಆ ಹೊಂಡದ ಮೇಲೆ ನಿಲ್ಲುವುದಿಲ್ಲ. ಬಹುಪಾಲು ‘ಸೀಲ್ ಡೂಪ್ಲಿಕೇಟ್’ ದೂರುಗಳ ನಿಜವಾದ ಕಾರಣ ಇದೇ ಎಂಬುದು ನನ್ನ ಅಂದಾಜು.

ಇದಕ್ಕೆ ಮೂರು ದಾರಿಗಳಿವೆ. ಹೊಸ ಪುಲ್ಲಿ ಸಿಕ್ಕರೆ ಸರಿ. ಸುಮಾರು ಕಾಲು ಮಿಲಿಮೀಟರ್ ದಪ್ಪದ ಸ್ಟೀಲ್ ಸ್ಲೀವ್ ಸಿಗುತ್ತದೆ, ಅದನ್ನು ತೊಡಿಸಿದರೆ ಹಳೆಯ ಅಳತೆಯ ಸೀಲ್ ಅನ್ನೇ ಬಳಸಬಹುದು. ಇಲ್ಲವಾದರೆ ಲೇತ್ ಅಂಗಡಿ. ಕತ್ತನ್ನು ತುಸು ತಿರುವಿ, ಬಿಗಿಯಾದ ಬುಷ್ ತೊಡಿಸಿ, ಮೊದಲಿನ ಅಳತೆಗೆ ತಂದು ಕೊಡುತ್ತಾರೆ. ಲೇತ್ ಕೆಲಸದ ಮಟ್ಟಿಗೆ ಈ ಸೀಮೆಯ ರೈತ ಪುಣ್ಯವಂತ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮಾಡುತ್ತಿದ್ದದ್ದೇ ಲೇತ್ ಯಂತ್ರಗಳನ್ನು. ಕಾರ್ಖಾನೆ ಮುಚ್ಚಿ ಬಹಳ ಕಾಲವಾಗಿದೆ, ಆ ಕಸುಬು ಊರಲ್ಲೇ ಉಳಿದಿದೆ.

ಕ್ರ್ಯಾಂಕ್ ಶಾಫ್ಟ್ ಮೇಲೆ ಕೆಳಗೆ ಅಲ್ಲಾಡುತ್ತದೆಯೇ ಎಂಬುದನ್ನೂ ಇದೇ ಹೊತ್ತಿನಲ್ಲಿ ನೋಡಿ. ಕೈಗೆ ಗೊತ್ತಾಗುವಷ್ಟು ಆಡಿದರೆ ಮೇನ್ ಬೇರಿಂಗ್ ಸವೆದಿದೆ, ಕೆಲಸ ಮೆಕ್ಯಾನಿಕ್‌ಗೆ ಹೋಗಬೇಕು.

ಸೀಲ್ ಕೊಳ್ಳುವಾಗ, ಕೂರಿಸುವಾಗ

ಹರಿಯಾಣದ ಪಿಂಜೋರಿನಲ್ಲಿ 1971ರಿಂದ ತಯಾರಾಗುತ್ತಿದ್ದ ಎಚ್‌ಎಂಟಿ ಟ್ರ್ಯಾಕ್ಟರ್ ಈಗ ಹೊಸದಾಗಿ ಬರುವುದಿಲ್ಲ. ಹಾಗೆಂದು ಅದಕ್ಕೆ ಸೀಲ್ ಸಿಗುವುದಿಲ್ಲ ಎಂದಲ್ಲ. ಸೀಲ್ ಕೊಳ್ಳುವುದು ಟ್ರ್ಯಾಕ್ಟರ್‌ನ ಹೆಸರಿನಿಂದಲ್ಲ, ಅಳತೆಯಿಂದ: ಒಳವ್ಯಾಸ, ಹೊರವ್ಯಾಸ, ದಪ್ಪ. 50-70-10 ಎಂಬಂತೆ ಮೂರು ಸಂಖ್ಯೆಗಳು ಸೀಲ್ ಮೇಲೆಯೇ ಅಚ್ಚಾಗಿರುತ್ತವೆ. ಮಹೀಂದ್ರಾ ಬಿ-275ರಂಥ ಬ್ರಿಟಿಷ್ ಮೂಲದ ವಿನ್ಯಾಸಗಳಲ್ಲಿ ಅಳತೆ ಇಂಚಿನದ್ದಿರಬಹುದು. ‘ಹತ್ತಿರ ಹತ್ತಿರ ಇದೆ, ಕೂರುತ್ತದೆ’ ಎಂದು ಕೊಟ್ಟದ್ದನ್ನು ತರಬೇಡಿ. ಹಳೆಯ ಸೀಲ್ ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ತುಟಿಯನ್ನು ಬೆರಳಿನಿಂದ ಬಗ್ಗಿಸಿ ನೋಡಿ: ಮೆತ್ತಗಿರಬೇಕು. ಅಂಗಡಿಯ ಅಟ್ಟದಲ್ಲಿ ವರ್ಷಗಟ್ಟಲೆ ಇದ್ದ ರಬ್ಬರ್ ಗಟ್ಟಿಯಾಗಿ ಸಣ್ಣ ಬಿರುಕು ಬಿಟ್ಟಿರುತ್ತದೆ.

ಸುರುಳಿ ಸ್ಪ್ರಿಂಗ್ ಕಾಣುವ ಮುಖ ಎಂಜಿನ್‌ನ ಒಳಗೆ, ಆಯಿಲ್ ಇರುವ ಕಡೆಗೆ. ಇದು ತಿರುವುಮುರುವಾದರೆ ಮೊದಲ ದಿನವೇ ಸೋರುತ್ತದೆ. ಗೂಡನ್ನು ಒರೆಸಿ, ತುಟಿಗೆ ಎಂಜಿನ್ ಆಯಿಲ್ ಅಥವಾ ಗ್ರೀಸ್ ಹಚ್ಚಿ. ಒಣ ತುಟಿ ಮೊದಲ ನಿಮಿಷದಲ್ಲೇ ಸುಡುತ್ತದೆ. ಸೀಲ್‌ನ ಹೊರ ಅಂಚಿನಷ್ಟೇ ಅಗಲದ ಪೈಪು ತುಂಡನ್ನೋ ಹಳೆಯ ಸೀಲ್ ಅನ್ನೋ ಮೇಲಿಟ್ಟು, ಸುತ್ತ ಸಮನಾಗಿ ತಟ್ಟುತ್ತಾ ಇಳಿಸಿ. ಒಂದು ಕಡೆ ತಗ್ಗಿ ಇನ್ನೊಂದು ಕಡೆ ಎದ್ದರೆ ತೆಗೆದು ಮತ್ತೆ ಶುರುಮಾಡಿ. ಕತ್ತಿನ ಗೆರೆ ತೆಳುವಾಗಿದ್ದರೆ ಒಂದು ಉಪಾಯವಿದೆ. ಸೀಲ್ ಅನ್ನು ಮೊದಲಿಗಿಂತ ಒಂದೆರಡು ಮಿಲಿಮೀಟರ್ ಹಿಂದೆ ಅಥವಾ ಮುಂದೆ ನಿಲ್ಲಿಸಿದರೆ ತುಟಿ ಸವೆಯದ ಜಾಗದಲ್ಲಿ ಓಡುತ್ತದೆ. ಒಳಗಿನ ತಟ್ಟೆಗೆ ತಾಗುವಷ್ಟು ತಳ್ಳಬಾರದು ಅಷ್ಟೆ.

ಪುಲ್ಲಿಯನ್ನು ಕೀಲಿಗೆ ಹೊಂದಿಸಿ, ಕತ್ತಿಗೆ ಆಯಿಲ್ ಸವರಿ, ತುಟಿ ಮಡಚದಂತೆ ನಿಧಾನ ತೂರಿಸಿ. ನಟ್ ಬಿಗಿದು ವಾಷರ್ ಮಡಚಿ. ಉಳಿದದ್ದು ಬಿಚ್ಚಿದ ಕ್ರಮವನ್ನೇ ಹಿಂದುಮುಂದಾಗಿಸಿದರೆ ಮುಗಿಯಿತು. ಬೆಲ್ಟ್ ತಂತಿಯಂತೆ ಬಿಗಿಯಬೇಡಿ, ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಇಂಚಿನಷ್ಟು ತಗ್ಗಬೇಕು. ನೀರು ತುಂಬಿ, ಆಯಿಲ್ ಮಟ್ಟ ನೋಡಿ, ಹತ್ತು ನಿಮಿಷ ನಿಧಾನಗತಿಯಲ್ಲಿ ಓಡಿಸಿ. ಸೀಮೆಸುಣ್ಣದ ಪುಡಿ ಮತ್ತೊಮ್ಮೆ ಉದುರಿಸಿ ನೋಡುವುದಕ್ಕೆ ಖರ್ಚೇನೂ ಇಲ್ಲ.

ಹಿಂದಿನ ಸೀಲ್ ಆಗಿದ್ದರೆ

ಕ್ಲಚ್ ಹೌಸಿಂಗ್‌ನ ತಳದ ತೂತಿನಿಂದ ತೊಟ್ಟಿಕ್ಕುವುದು ಬೇರೆ ಕಥೆ. ಕಪ್ಪಗಿದ್ದು ತೆಳುವಾಗಿದ್ದರೆ ಕ್ರ್ಯಾಂಕ್‌ನ ಹಿಂದಿನ ಸೀಲ್. ಜೇನಿನ ಬಣ್ಣಕ್ಕಿದ್ದು ದಪ್ಪಗಿದ್ದರೆ ಗೇರ್‌ಬಾಕ್ಸ್ ಕಡೆಯದು. ಎರಡಕ್ಕೂ ಟ್ರ್ಯಾಕ್ಟರನ್ನು ನಡುವೆ ಎರಡಾಗಿ ಸೀಳಬೇಕು, ಎಂದರೆ ಎಂಜಿನ್ ಭಾಗವನ್ನು ಹಿಂದಿನ ಗೇರ್ ಭಾಗದಿಂದ ಬೇರ್ಪಡಿಸಬೇಕು. ಇದನ್ನು ಮನೆಯಂಗಳದಲ್ಲಿ ಜ್ಯಾಕ್ ಒಂದನ್ನೇ ನಂಬಿ ಮಾಡುವವರನ್ನು ನಾನು ಹೊಗಳಲಾರೆ. ಮುಂದಿನ ಆಕ್ಸಲ್ ನಡುವಿನ ಪಿನ್ ಮೇಲೆ ತೂಗುವಂಥದ್ದು, ಹಿಂಭಾಗ ಬೇರ್ಪಟ್ಟ ಕ್ಷಣ ಎಂಜಿನ್ ಪಕ್ಕಕ್ಕೆ ಮಗುಚಬಹುದು. ಆಕ್ಸಲ್‌ನ ಎರಡೂ ಬದಿಗೆ ಮರದ ಬೆಣೆ ಬಿಗಿಯಾಗಿ ಹೊಡೆಯದೆ, ಎರಡೂ ಭಾಗಗಳಿಗೆ ಗಟ್ಟಿ ಸ್ಟ್ಯಾಂಡ್ ಕೊಡದೆ ಒಂದು ಬೋಲ್ಟ್ ಕೂಡ ಸಡಿಲಿಸಕೂಡದು. ಮೆಕ್ಯಾನಿಕ್ ಬಳಿ ಒಯ್ದರೂ ಬೆಣೆ ಹೊಡೆದಿದ್ದಾರೆಯೇ ಎಂದು ನೀವೇ ನೋಡಿ. ಆಯಿಲ್ ಕುಡಿದ ಕ್ಲಚ್ ಪ್ಲೇಟನ್ನು ಪೆಟ್ರೋಲ್‌ನಲ್ಲಿ ತೊಳೆದು ಮತ್ತೆ ಹಾಕಿದರೆ ಕೆಲವೇ ದಿನಗಳಲ್ಲಿ ಜಾರತೊಡಗುತ್ತದೆ. ಸೀಳಿದ ಕೂಲಿ ಕೊಟ್ಟಾಗಿದೆ, ಪ್ಲೇಟ್ ಮತ್ತು ಕ್ಲಚ್ ಶಾಫ್ಟಿನ ತುದಿ ಕೂರುವ ಪೈಲಟ್ ಬೇರಿಂಗ್ ಎರಡನ್ನೂ ಅದೇ ಕೈಯಲ್ಲಿ ಬದಲಿಸಿಬಿಡಿ.