ಡಿಸ್ನಿ ವರ್ಲ್ಡ್‌ನಲ್ಲಿ ಅಂಗವಿಕಲರ ಪಾರ್ಕಿಂಗ್ ಬಳಸುವುದು ಹೇಗೆ?

ಅಮೆರಿಕದಲ್ಲಿ ನೆಲೆಸಿರುವ ಮಕ್ಕಳು ಊರಿನಿಂದ ಬಂದ ತಂದೆತಾಯಿಯನ್ನು ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಕರೆದೊಯ್ಯುವಾಗ ವಿಮಾನ, ಹೋಟೆಲು, ಟಿಕೆಟ್‌ಗಳನ್ನೆಲ್ಲ ತಿಂಗಳುಗಟ್ಟಲೆ ಮೊದಲೇ ಗೊತ್ತುಮಾಡಿಕೊಳ್ಳುತ್ತಾರೆ. ಮಂಡಿ ಸವೆದಿರುವ ಅಮ್ಮ ಕಾರಿನಿಂದ ಇಳಿದು ಗೇಟಿನವರೆಗೆ ಹೇಗೆ ಹೋಗಬೇಕು ಎಂಬ ಪ್ರಶ್ನೆಯನ್ನೂ ಮನೆಯಲ್ಲೇ ಕೇಳಿಕೊಳ್ಳುವುದು ಒಳ್ಳೆಯದು.

ಗೇಟಿಗೆ ಸಮೀಪವಿರುವ ಅಂಗವಿಕಲರ ನಿಲುಗಡೆಗೆ ಪರವಾನಗಿ ಫಲಕ (ಕಾರಿನೊಳಗೆ ನೇತುಹಾಕುವ ಕಾರ್ಡು) ಕಡ್ಡಾಯ. ವೈದ್ಯರ ದೃಢೀಕರಣದ ಮೇಲೆ ಆಯಾ ರಾಜ್ಯದ ಮೋಟಾರು ವಾಹನ ಇಲಾಖೆ ಇದನ್ನು ಕೊಡುತ್ತದೆ; ನಡುವೆ ನಿಂತು ಸುಧಾರಿಸಿಕೊಳ್ಳದೆ 200 ಅಡಿ ನಡೆಯಲಾಗದವರು ಇದಕ್ಕೆ ಅರ್ಹರು. ಶಾಶ್ವತ ಫಲಕ ನೀಲಿ ಬಣ್ಣದ್ದು, ಗರಿಷ್ಠ ಆರು ತಿಂಗಳ ತಾತ್ಕಾಲಿಕ ಫಲಕ ಕೆಂಪು. ಒಂದು ರಾಜ್ಯದ ಫಲಕವನ್ನು ಉಳಿದ ರಾಜ್ಯಗಳೂ ಮಾನ್ಯ ಮಾಡುವುದರಿಂದ ಟೆಕ್ಸಾಸ್‌ನಲ್ಲಿ ಪಡೆದದ್ದು ಫ್ಲಾರಿಡಾದಲ್ಲೂ ನಡೆಯುತ್ತದೆ. ಅರ್ಜಿಗೆ ಬೇಕಾದ ಗುರುತಿನ ದಾಖಲೆಗಳನ್ನು ರಾಜ್ಯಗಳೇ ನಿಗದಿಪಡಿಸುತ್ತವೆಯಾದ್ದರಿಂದ, ಪ್ರವಾಸಿಯಾಗಿ ಬಂದವರ ಪರವಾಗಿ ಮೊದಲೇ ವಿಚಾರಿಸಿಕೊಳ್ಳಿ. ಭಾರತದಲ್ಲಿ ಅಂಗವಿಕಲರಿಗೆ ಸರ್ಕಾರ ಕೊಡುವ ಯುಡಿಐಡಿ ಕಾರ್ಡು ಗುರುತಿನ ಚೀಟಿಯೇ ಹೊರತು ಈ ಫಲಕಕ್ಕೆ ಬದಲಿಯಲ್ಲ.

ಫಲಕ ಸೇರಿರುವುದು ವ್ಯಕ್ತಿಗೆ, ಕಾರಿಗಲ್ಲ. ಬಾಡಿಗೆ ಕಾರಿನಲ್ಲೂ ಬಳಸಬಹುದು. ಆದರೆ ಅಮ್ಮ ಹೋಟೆಲಿನಲ್ಲೇ ಉಳಿದ ದಿನ ಮಗ ಅದನ್ನು ಬಳಸುವಂತಿಲ್ಲ. ಕಾರು ನಿಲ್ಲಿಸಿದ ಮೇಲೆ ಒಳಗಿನ ಕನ್ನಡಿಗೆ ನೇತುಹಾಕಿ, ಹೊರಡುವ ಮುನ್ನ ತೆಗೆದಿಡಿ.

ಶುಲ್ಕ ಕಟ್ಟುವ ಕಟ್ಟೆಯಲ್ಲಿ ಫಲಕ ತೋರಿಸಿದರೆ ಸಿಬ್ಬಂದಿ ದಾರಿ ಹೇಳುತ್ತಾರೆ. ಶುಲ್ಕದಲ್ಲಿ ರಿಯಾಯಿತಿ ಇಲ್ಲ. ಆದರೆ ಡಿಸ್ನಿಯದೇ ಹೋಟೆಲುಗಳಲ್ಲಿ ತಂಗಿದವರಿಗೆ ಸಾಮಾನ್ಯ ಪಾರ್ಕಿಂಗ್ ಉಚಿತ.

ಅಮೆರಿಕದ ನಿಯಮದಂತೆ ಅಂಗವಿಕಲರ ನಿಲುಗಡೆಯಲ್ಲಿ ಕಾರಿನ ಜಾಗ ಕನಿಷ್ಠ 8 ಅಡಿ ಅಗಲವಿದ್ದು, ಅದರ ಪಕ್ಕದಲ್ಲಿ ಓರೆಗೆರೆ ಎಳೆದ 5 ಅಡಿಯ ಪಟ್ಟಿ ಇರುತ್ತದೆ. ಆ ಪಟ್ಟಿ ಖಾಲಿ ಜಾಗವಲ್ಲ. ಬಾಗಿಲನ್ನು ಪೂರ್ತಿ ತೆರೆದು, ವೀಲ್‌ಚೇರನ್ನು ಸೀಟಿಗೆ ತಾಗಿಸಿ ನಿಲ್ಲಿಸಿ, ಕೈಯೂರಿ ಮೈಯನ್ನು ನಿಧಾನವಾಗಿ ಅದಕ್ಕೆ ಸರಿಸಿಕೊಳ್ಳಲು ಅಷ್ಟು ಅಗಲ ಬೇಕೇಬೇಕು. ಎರಡು ನಿಮಿಷಕ್ಕೆಂದು ಯಾರಾದರೂ ಅಲ್ಲಿ ಕಾರು ನಿಲ್ಲಿಸಿದರೆ ಪಕ್ಕದವರು ತಮ್ಮ ಕಾರಿನೊಳಗೆ ಹತ್ತಲೂ ಆಗದೆ ಕಾಯಬೇಕಾಗುತ್ತದೆ. ದಯವಿಟ್ಟು ಸಾಮಾನನ್ನೂ ಅಲ್ಲಿ ಇಡಬೇಡಿ.

ಫಲಕ ಇಲ್ಲದಿದ್ದರೂ, ಸ್ವಲ್ಪ ದೂರ ನಡೆದು ಮೆಟ್ಟಿಲೇರಬಲ್ಲವರು ಮುಖ್ಯ ನಿಲುಗಡೆಯಿಂದ ಉಚಿತ ಟ್ರಾಮ್ ಹತ್ತಬಹುದು.

ಡಿಸ್ನಿ ವರ್ಲ್ಡ್‌ನೊಳಗಿನ ಉದ್ಯಾನಗಳಲ್ಲಿ ಒಂದಾದ ಮ್ಯಾಜಿಕ್ ಕಿಂಗ್‌ಡಮ್‌ನ ವಿಷಯ ಬೇರೆ. ಅಲ್ಲಿ ಕಾರು ನಿಲ್ಲುವುದು ಸರೋವರದ ಈಚೆ ದಡದಲ್ಲಿ, ಗೇಟು ಇರುವುದು ಆಚೆ. ಮಾನೊರೈಲು ಅಥವಾ ದೋಣಿಯಲ್ಲಿ ಹೋಗಬೇಕು. ಎರಡಕ್ಕೂ ವೀಲ್‌ಚೇರ್‌ನಲ್ಲಿ ಕುಳಿತೇ ಹತ್ತಬಹುದಾದರೂ ಆ ದಿನ ಹೆಚ್ಚು ಸಮಯ ಇಟ್ಟುಕೊಂಡು ಹೊರಡಿ.

ಒಳಗಿನ ಆಟಗಳ ಸಾಲಿನಲ್ಲಿ ಈ ಫಲಕದಿಂದ ಯಾವ ವಿನಾಯಿತಿಯೂ ಸಿಗುವುದಿಲ್ಲ. ಕೊನೆಯದಾಗಿ, ಕಾರು ಬಿಟ್ಟು ಹೋಗುವ ಮುನ್ನ ಅದು ನಿಂತಿರುವ ಸಾಲಿನ ಹೆಸರಿನ ಫೋಟೊ ತೆಗೆದುಕೊಳ್ಳಿ. ಸಂಜೆ ದಣಿದ ಅಮ್ಮನನ್ನು ನಿಲ್ಲಿಸಿಕೊಂಡು ಕಾರು ಹುಡುಕುವುದು ತಪ್ಪುತ್ತದೆ.