ಮೊದಲು ಇಡೀ ಬಾಯಿ, ಆಮೇಲೆ ಹಲ್ಲು

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ದಂತ ಕ್ಲಿನಿಕ್ ಇದೆ. "ನನಗೆ ಬಾಯಿ ಕ್ಯಾನ್ಸರ್ ಇದೆಯಾ ನೋಡಿ" ಎಂದು ಕೇಳಿಕೊಂಡು ಬರುವವರು ಇಲ್ಲವೆಂದೇ ಹೇಳಬೇಕು. ಹುಳುಕು ಹಲ್ಲು ಕೀಳಿಸಲು ಬರುತ್ತಾರೆ, ಕ್ಲೀನ್ ಮಾಡಿಸಲು ಬರುತ್ತಾರೆ, ಹಲ್ಲಿನ ಸೆಟ್ ಮಾಡಿಸಲು ಬರುತ್ತಾರೆ. ಬಾಯಿ ಕ್ಯಾನ್ಸರ್ ಶುರುವಾದಾಗ ಸಾಮಾನ್ಯವಾಗಿ ನೋವಿರುವುದಿಲ್ಲ. ನೋವಿಲ್ಲದ್ದಕ್ಕೆ ಯಾರು ಡಾಕ್ಟರ ಹತ್ತಿರ ಹೋಗುತ್ತಾರೆ? ನೋವು ಕಾಣಿಸಿಕೊಂಡು ಬರುವ ಹೊತ್ತಿಗೆ ಕಾಯಿಲೆ ಎಷ್ಟೋ ಸಲ ಕತ್ತಿನ ಗ್ರಂಥಿಗೆ ಇಳಿದಿರುತ್ತದೆ. ಅದಕ್ಕೇ ನಾನೊಂದು ನಿಯಮ ಇಟ್ಟುಕೊಂಡಿದ್ದೇನೆ. ಯಾವ ಹಲ್ಲಿಗೆ ಬಂದರೂ ಸರಿ, ಮೊದಲು ಇಡೀ ಬಾಯಿ, ಆಮೇಲೆ ಹಲ್ಲು.

ನಮ್ಮ ಕಡೆ ಇದು ಇನ್ನೂ ಜಾಸ್ತಿ ಬೇಕು. ಚನ್ನಗಿರಿ, ಹೊನ್ನಾಳಿ ಕಡೆ ಅಡಿಕೆ ತೋಟಗಳು. ಪಕ್ಕದ ಚಿತ್ರದುರ್ಗ ಜಿಲ್ಲೆಯ ಭೀಮಸಮುದ್ರದಲ್ಲಿ ಅಡಿಕೆ ವ್ಯಾಪಾರ. ಎಷ್ಟೋ ಮನೆಗಳು ಅಡಿಕೆಯಿಂದಲೇ ನಿಂತಿವೆ, ಮಕ್ಕಳ ಓದು ಅದರಿಂದಲೇ ಆಗಿದೆ. ಆ ತೋಟದವರೇ ನನ್ನ ಕುರ್ಚಿಯಲ್ಲಿ ಕೂರುವುದು. ಅವರೆದುರು ಅಡಿಕೆಯನ್ನು ಬೈಯುವುದು ನನ್ನ ಕೆಲಸವಲ್ಲ. ಆದರೆ "ಹೊಗೆಸೊಪ್ಪು ಮುಟ್ಟಲ್ರೀ ಮೇಡಂ, ಬರೀ ಅಡಿಕೆ" ಎಂದಾಗ ಸುಮ್ನಿರಲು ಆಗುವುದಿಲ್ಲ. ಹೊಗೆಸೊಪ್ಪು ಸೇರದ ಬರೀ ಅಡಿಕೆ ಅಗಿತವೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಅದನ್ನು ಅವರಿಗೆ ಹೇಳುತ್ತೇನೆ. ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಲ್ಲೇ ನಿಷೇಧವಾಯಿತು. ಈಗ ಪಾನ್ ಮಸಾಲದ್ದು ಒಂದು ಪಾಕೀಟು, ಹೊಗೆಸೊಪ್ಪಿನ ಪುಡಿಯದ್ದು ಇನ್ನೊಂದು. ಎರಡನ್ನೂ ಅಂಗೈಯಲ್ಲಿ ಬೆರೆಸಿ ಬಾಯಿಗೆ ಹಾಕುತ್ತಾರೆ. ಬಾಯಿಯೊಳಗೆ ಆಗುವುದು ಅದೇ.

ಕೇಳುವ ರೀತಿಯಲ್ಲೇ ಅರ್ಧ ಕೆಲಸ ಇದೆ. "ತಂಬಾಕು ತಿಂತೀರಾ?" ಎಂದು ಕೇಳಿದರೆ ಮಗನ ಮುಂದೆ, ಸೊಸೆಯ ಮುಂದೆ ಯಾರೂ ಹೌದೆನ್ನುವುದಿಲ್ಲ. ನಾನು "ಎಲೆ ಅಡಿಕೆ ಯಾವ ಕಡೆ ಇಟ್ಕೊಳ್ತೀರಿ, ಎಡಕ್ಕಾ ಬಲಕ್ಕಾ?" ಎಂದು ಕೇಳುತ್ತೇನೆ. ಬಾಯಿ ಏನಾದರೂ ಹೇಳಲಿ, ಬೆರಳು ತಾನಾಗಿ ಆ ಕೆನ್ನೆಯ ಮೇಲೆ ಹೋಗುತ್ತದೆ. ಆ ಜಾಗವನ್ನು ನಾನು ಎರಡೆರಡು ಸಲ ನೋಡುತ್ತೇನೆ. ಇನ್ನೊಂದು ಪ್ರಶ್ನೆ ನಮ್ಮೂರಿಗೇ ಹೇಳಿ ಮಾಡಿಸಿದ್ದು: "ಮಂಡಕ್ಕಿ ಜೊತೆ ಮಿರ್ಚಿ ತಿನ್ನೋಕೆ ಆಗುತ್ತಾ?" ದಾವಣಗೆರೆಯವರು ಮಿರ್ಚಿ ಬಿಟ್ಟಿದ್ದಾರೆ ಎಂದರೆ ಕಾರಣ ಇರಲೇಬೇಕು. "ಆಗಲ್ರೀ, ಖಾರ ತಾಗಿದ್ರೆ ಬಾಯೆಲ್ಲ ಉರಿ" ಎಂದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಅಡಿಕೆಯಿಂದ ಬಾಯಿಯ ಒಳಪೊರೆ ಬಿಗಿಯುವ ಕಾಯಿಲೆ ಶುರುವಾಗುವುದು ಹೆಚ್ಚಾಗಿ ಈ ಉರಿಯಿಂದಲೇ. ನಾವು ಅದನ್ನು ಸಬ್‌ಮ್ಯೂಕಸ್ ಫೈಬ್ರೋಸಿಸ್ ಅನ್ನುತ್ತೇವೆ. ಆಮೇಲೆ ಕೆನ್ನೆಯ ಒಳಭಾಗ ಬಿಳಿಚಿಕೊಂಡು ಒಳಗೆ ಹುರಿಯಂಥ ಪಟ್ಟಿಗಳು ಬೆರಳಿಗೆ ಸಿಗುತ್ತವೆ. ಬಾಯಿ ತೆರೆಯುವುದು ಕಮ್ಮಿಯಾಗುತ್ತಾ ಬರುತ್ತದೆ. ಅವರವರದೇ ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಮುಂದಿನ ಹಲ್ಲುಗಳ ನಡುವೆ ಇಡಲು ಹೇಳುತ್ತೇನೆ. ಮೂರೂ ಹೋಗದಿದ್ದರೆ ಸ್ಕೇಲ್ ಹಿಡಿದು ಅಳತೆ ಬರೆದುಕೊಳ್ಳುತ್ತೇನೆ.

ನೋಡುವುದಕ್ಕೆ ದೊಡ್ಡ ಯಂತ್ರ ಬೇಡ. ಒಳ್ಳೆ ಬೆಳಕು, ಎರಡು ಕನ್ನಡಿ, ಒಂದು ತುಂಡು ಗಾಜ್ ಬಟ್ಟೆ, ಗ್ಲೌಸ್ ಹಾಕಿದ ಬೆರಳು. ಹಲ್ಲಿನ ಸೆಟ್ ಇದ್ದರೆ ತೆಗೆಸುತ್ತೇನೆ. ತುಟಿ ಮಗುಚಿ ನೋಡಿ, ಎರಡೂ ಕೆನ್ನೆ ನೋಡಿ, ಕೆನ್ನೆಗೂ ಒಸಡಿಗೂ ನಡುವಿನ ಸಂದಿಗೆ ಬರುತ್ತೇನೆ. ಎಲೆ ಅಡಿಕೆ ಕೂರುವುದು ಅಲ್ಲೇ, ನಮ್ಮಲ್ಲಿ ಕ್ಯಾನ್ಸರ್ ಜಾಸ್ತಿ ಬರುವ ಜಾಗಗಳಲ್ಲೂ ಅದು ಮೊದಲ ಸಾಲಿನದು. ನಾಲಿಗೆಯನ್ನು ಸುಮ್ನೆ "ಆ..." ಅನ್ನಿಸಿ ನೋಡಿದರೆ ಸಾಲದು. ತುದಿಯನ್ನು ಗಾಜ್‌ನಲ್ಲಿ ಹಿಡಿದು ಪಕ್ಕಕ್ಕೆ ಎಳೆದು, ಹಿಂದಿನ ದವಡೆ ಹಲ್ಲಿನವರೆಗೂ ಅಂಚನ್ನು ನೋಡಬೇಕು. ಆಮೇಲೆ ನಾಲಿಗೆಯ ಕೆಳಗೆ, ಅಂಗುಳ. ಕೊನೆಗೆ ದವಡೆಯ ಕೆಳಗೆ ಮತ್ತು ಕತ್ತಿನ ಎರಡೂ ಬದಿ ಮುಟ್ಟಿ, ಗಂಟು ಸಿಗುತ್ತದಾ ಎಂದು ನೋಡುತ್ತೇನೆ. ಎಲ್ಲ ಸೇರಿ ಎರಡು ಮೂರು ನಿಮಿಷ.

ಉಜ್ಜಿದರೂ ಹೋಗದ ಬಿಳಿ ಮಚ್ಚೆ ಕಂಡರೆ ಹುಷಾರಾಗುತ್ತೇನೆ. ಕೆಂಪು ಮಚ್ಚೆ ಕಂಡರೆ, ಅಥವಾ ಬಿಳಿಯ ನಡುವೆ ಕೆಂಪು ಕಂಡರೆ, ಇನ್ನೂ ಜಾಸ್ತಿ. ಬೆರಳಿಗೆ ಅಂಚು ಗಟ್ಟಿ ಸಿಗುವ ಹುಣ್ಣಿಗೆ ಕಾಯುವುದೇ ಇಲ್ಲ. ಚೂಪು ಹಲ್ಲು ತಾಗಿ ಆದ ಹುಣ್ಣು ಅನ್ನಿಸಿದರೆ ಹಲ್ಲನ್ನು ನಯ ಮಾಡಿ ಎರಡು ವಾರ ಬಿಡುತ್ತೇನೆ. ಕಾರಣ ತೆಗೆದ ಮೇಲೆ ಎರಡು ವಾರದಲ್ಲಿ ಮಾಯದಿದ್ದರೆ ತುಂಡು ಪರೀಕ್ಷೆ. ಇಲ್ಲಿ ನಮಗೆ ಅಡ್ಡ ಬರುವುದು "ಉಷ್ಣ" ಎಂಬ ಮಾತು. ಬಾಯಲ್ಲಿ ಹುಣ್ಣೆಂದರೆ ಉಷ್ಣ, ಎಳನೀರು ಕುಡಿ, ತುಪ್ಪ ಹಚ್ಚು. ಮೆಡಿಕಲ್ ಶಾಪಿನಲ್ಲಿ ಬಿ ಕಾಂಪ್ಲೆಕ್ಸ್ ಮಾತ್ರೆ, ಹಚ್ಚುವ ಜೆಲ್. ಸಾಮಾನ್ಯ ಹುಣ್ಣಾದರೆ ಅಷ್ಟರಲ್ಲಿ ಹೋಗುತ್ತದೆ, ಸರಿ. ಹೋಗದೇ ಇರುವ ಹುಣ್ಣಿಗೂ ತಿಂಗಳುಗಟ್ಟಲೆ ಅದನ್ನೇ ಹಚ್ಚುತ್ತಾ ಕೂರುತ್ತಾರಲ್ಲ, ನನಗೆ ಅತಿ ಸಂಕಟ ಅದರಲ್ಲೇ.

ಹೊಸದಾಗಿ ಪ್ರಾಕ್ಟೀಸ್ ಶುರು ಮಾಡಿದವರಿಗೆ ಒಂದು ಮಾತು. ಬಾಯಿಯ ಉಳಿದ ಒಸಡೆಲ್ಲ ಚೆನ್ನಾಗಿದ್ದು, ಒಂದೇ ಕಡೆಯ ಒಂದೆರಡು ದವಡೆ ಹಲ್ಲು ಅಲುಗಾಡುತ್ತಿದ್ದರೆ ಕೀಳಲು ಅವಸರ ಬೇಡ. ಮೊದಲು ಎಕ್ಸ್‌ರೇ ತೆಗೆಯಿರಿ, ಸುತ್ತಲಿನ ಒಸಡು ಮುಟ್ಟಿ ನೋಡಿ. ಕೆಳತುಟಿ ಜೋಮು ಹಿಡಿದಂತಿದೆಯಾ ಎಂದೂ ಕೇಳಿ. ಹಲ್ಲು ಕಿತ್ತ ಗುಳಿ ವಾರಗಳಾದರೂ ಮಾಯದೆ, ಅದರಿಂದ ಮಾಂಸ ಬೆಳೆದು ಬಂದಿದ್ದರೆ ಅದನ್ನು ಬರೀ ಸೋಂಕು ಎಂದುಕೊಳ್ಳಬೇಡಿ.

ಕಾಣುವುದು ಕಷ್ಟವಲ್ಲ. ಕಂಡದ್ದನ್ನು ಪರೀಕ್ಷೆಯವರೆಗೆ ಮುಟ್ಟಿಸುವುದು ಕಷ್ಟ. ಹರಿಹರದ ಕಡೆಯ ಹಳ್ಳಿಯಿಂದ ಒಬ್ಬ ಅಮ್ಮ ಮಗನ ಜೊತೆ ಹಲ್ಲಿನ ಸೆಟ್ ಮಾಡಿಸಲು ಬಂದಿದ್ದರು. ಅರವತ್ತು ದಾಟಿತ್ತು. ಎಲೆ ಅಡಿಕೆ, ಸುಣ್ಣ, ಹೊಗೆಸೊಪ್ಪು ಎಲ್ಲ ಮದುವೆಯಾದ ಹೊಸದರಿಂದ. ಬೆರಳು ಎಡಗೆನ್ನೆಗೆ ಹೋಯಿತು. ಅಲ್ಲಿ ಕೆನ್ನೆ ಒಸಡಿನ ಸಂದಿಯಲ್ಲಿ ಒಂದೂವರೆ ಸೆಂಟಿಮೀಟರಿನ ಮಚ್ಚೆ. ಸುತ್ತ ಬಿಳಿ, ನಡುವೆ ಕೆಂಪು, ಒಂದು ಅಂಚು ಗಟ್ಟಿ.

"ನೋವಿಲ್ಲವ್ವ, ಉರಿಯಿಲ್ಲ, ಏನಿಲ್ಲ. ನೀ ಹಲ್ಲು ಕಟ್ಟು ಸಾಕು" ಎಂದರು.

ಮೊಬೈಲಿನಲ್ಲಿ ಫೋಟೋ ತೆಗೆದು ಮೊದಲು ಬಲಗೆನ್ನೆ ತೋರಿಸಿದೆ, ಆಮೇಲೆ ಎಡಗೆನ್ನೆ. ಎರಡಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಕಾಣುವಾಗ ಜಾಸ್ತಿ ಮಾತು ಬೇಕಾಗುವುದಿಲ್ಲ. ಅಮ್ಮ ಸುಮ್ಮನಾದರು. ಮಗ ಹಿಂಜರಿದ. "ಮೇಡಂ, ಅದನ್ನ ಕುಯ್ದ್ರೆ ಮೈಗೆಲ್ಲ ಹರಡುತ್ತೆ ಅಂತಾರಲ್ರೀ?" ಈ ಹೆದರಿಕೆ ನಮ್ಮ ಕಡೆ ಎಲ್ಲರಲ್ಲೂ ಇದೆ. ಅದನ್ನು ನಕ್ಕು ತಳ್ಳಿಹಾಕಬಾರದು. ಅಕ್ಕಿ ಕಾಳಿನಷ್ಟು ತುಂಡು, ಮರಗಟ್ಟುವ ಇಂಜೆಕ್ಷನ್ ಕೊಟ್ಟು ತೆಗೆಯುವುದು, ಅದರಿಂದ ಹರಡುವುದಿಲ್ಲ, ಸುಮ್ಮನೆ ಬಿಟ್ಟರೆ ಹರಡುತ್ತದೆ ಎಂದು ನಿಧಾನವಾಗಿ ಹೇಳಿದೆ. "ಕ್ಯಾನ್ಸರ್ ಅಂತ ನಾನು ಹೇಳ್ತಾ ಇಲ್ಲ. ಆದರೆ ಅಲ್ಲ ಅಂತ ಹೇಳೋಕೆ ಆ ತುಂಡು ಬೇಕು" ಎಂದೆ. ಇದು ನಾನು ಎಲ್ಲರಿಗೂ ಹೇಳುವ ಮಾತು. ಸುಳ್ಳು ಧೈರ್ಯ ಕೊಡುವುದಿಲ್ಲ, ಹೆದರಿಸುವುದೂ ಇಲ್ಲ.

ನಮ್ಮೂರಿನ ಪುಣ್ಯ, ಎರಡು ದಂತ ವೈದ್ಯಕೀಯ ಕಾಲೇಜುಗಳು ಇಲ್ಲೇ ಇವೆ. ತುಂಡು ತೆಗೆದು ಪರೀಕ್ಷಿಸುವ ವಿಭಾಗಗಳು ಅಲ್ಲಿವೆ, ದೂರದೂರಿಗೆ ಅಲೆಯಬೇಕಿಲ್ಲ. "ಹೋಗಿ ತೋರಿಸಿ" ಎಂದು ಬಾಯಲ್ಲಿ ಹೇಳಿದರೆ ಹೋಗುವವರು ಕಮ್ಮಿ. ಚೀಟಿಯಲ್ಲಿ ಜಾಗ, ಅಳತೆ, ಬಣ್ಣ, ಎಷ್ಟು ದಿನದ್ದು ಎಂದೆಲ್ಲ ಬರೆದು, ಅಲ್ಲಿನ ಡಾಕ್ಟರಿಗೆ ಅವರ ಎದುರೇ ಫೋನ್ ಮಾಡುತ್ತೇನೆ. ಮನೆಯಲ್ಲಿ ಮಾತು ನಡೆಯುವವರ ನಂಬರ್ ಬರೆದುಕೊಳ್ಳುತ್ತೇನೆ. ಅದು ಹೆಚ್ಚಾಗಿ ಮಗಳೋ ಸೊಸೆಯೋ ಆಗಿರುತ್ತಾಳೆ. ಹೋಗಲಿಲ್ಲವೆಂದರೆ ಅವಳಿಗೇ ಫೋನ್. ಇಷ್ಟು ಮಾಡಿದರೂ ಕೈತಪ್ಪಿ ಹೋಗುವವರಿದ್ದಾರೆ. ಒಬ್ಬ ಲಾರಿ ಡ್ರೈವರ್ ನಂಬರ್ ಬದಲಾಯಿಸಿಕೊಂಡು ಹೋದವರು, ಮತ್ತೆ ಬಂದಾಗ ಕೆನ್ನೆಯ ಹೊರಗೇ ಹುಣ್ಣು ಒಡೆದಿತ್ತು.

ಅಮ್ಮನ ರಿಪೋರ್ಟ್‌ನಲ್ಲಿ ಕ್ಯಾನ್ಸರ್ ಎಂದೇ ಬಂತು. ಆದರೆ ಗಡ್ಡೆ ಎರಡು ಸೆಂಟಿಮೀಟರಿನ ಒಳಗೆ, ಆಳ ಕಮ್ಮಿ, ಕತ್ತಿನಲ್ಲಿ ಗಂಟಿಲ್ಲ. ಅಂದರೆ ಮೊದಲ ಹಂತ. ಈ ಹಂತದಲ್ಲಿ ಎಷ್ಟೋ ಜನಕ್ಕೆ ಆಪರೇಷನ್ ಒಂದರಲ್ಲೇ ಮುಗಿಯುತ್ತದೆ. ಕತ್ತಿನ ಗ್ರಂಥಿಗೆ ಇಳಿದರೆ ಬದುಕುಳಿಯುವ ಸಾಧ್ಯತೆ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಬೆಂಗಳೂರಿನ ಕಿದ್ವಾಯಿಯಲ್ಲಿ ಆಪರೇಷನ್ ಆಯಿತು. ರೇಡಿಯೇಷನ್ ಬೇಕಾಗಲಿಲ್ಲ. ಈಗ ಮುದ್ದೆ ಉಣ್ಣುತ್ತಾರೆ, ಫೋನಿನಲ್ಲಿ ಸ್ಪಷ್ಟವಾಗಿ ಮಾತಾಡುತ್ತಾರೆ.

ಕಣ್ಣಲ್ಲಿ ನೋಡುವುದರಿಂದ ಏನಾಗುತ್ತದೆ ಎನ್ನುವವರಿಗೆ ನಾನು ತಿರುವನಂತಪುರದ ಅಧ್ಯಯನ ನೆನಪಿಸುತ್ತೇನೆ. ಅದರ ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರ ಬಾಯಿಯನ್ನು ಆಗಾಗ ನೋಡಿದ್ದರಿಂದ, ಬಾಯಿ ಕ್ಯಾನ್ಸರಿನ ಸಾವು ಅವರಲ್ಲಿ ಸುಮಾರು ಮೂರನೇ ಒಂದು ಭಾಗ ಕಮ್ಮಿಯಾಯಿತು. ಅಲ್ಲಿ ನೋಡಿದವರು ಡಾಕ್ಟರುಗಳೂ ಅಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು. ಅವರಿಂದ ಆದದ್ದು ದಿನವಿಡೀ ಬಾಯಿಯೊಳಗೇ ಕೆಲಸ ಮಾಡುವ ನಮ್ಮಿಂದ ಆಗಬೇಕು, ಅಲ್ವಾ?

ಜೊತೆಗೆ ಬಂದವರನ್ನೂ ನಾನು ಹಾಗೇ ಬಿಡುವುದಿಲ್ಲ. ಆ ಅಮ್ಮನ ಮಗನನ್ನೂ ಅವತ್ತೇ ಕೂರಿಸಿದೆ. ಮೂವತ್ತೈದರ ಆಸುಪಾಸು. ಜೇಬಿನಲ್ಲಿ ಎರಡು ಪಾಕೀಟು. ಅವನಿಗೆ ಎರಡೇ ಬೆರಳು ಹೋದವು. ಕೆನ್ನೆಯೊಳಗೆ ಪಟ್ಟಿಗಳಿದ್ದವು, ಮಚ್ಚೆ ಇರಲಿಲ್ಲ. ಪಾಕೀಟು ಬಿಟ್ಟರೆ ಕಾಯಿಲೆ ಮುಂದೆ ಹೋಗುವುದು ನಿಧಾನವಾಗುತ್ತದೆ, ಆದರೆ ಬಿಗಿದದ್ದು ಪೂರ್ತಿ ಸಡಿಲವಾಗುವುದಿಲ್ಲ ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ತಂಬಾಕು ಬಿಡಲು ಸಹಾಯ ಮಾಡುವ ಸರ್ಕಾರದ ಉಚಿತ ನಂಬರ್ 1800-11-2356 ಬರೆದುಕೊಟ್ಟೆ. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಹಿಡಿದು, ಅಭ್ಯಾಸವಾದ ಹಾಗೆ ಒಂದೊಂದೇ ಕಡ್ಡಿ ಸೇರಿಸುವ ವ್ಯಾಯಾಮ ಕಲಿಸಿದೆ. ಈಗ ಅಮ್ಮ ತಪಾಸಣೆಗೆ ಬರುವ ದಿನವೇ ಅವನಿಗೂ ದಿನ ಕೊಡುತ್ತೇನೆ. ಪಾಕೀಟು ಪೂರ್ತಿ ಬಿಟ್ಟಿಲ್ಲ, ಕಮ್ಮಿ ಮಾಡಿದ್ದಾನೆ. ಕಳೆದ ಸಲ ಅಳತೆ ಎರಡು ಮಿಲಿಮೀಟರ್ ಜಾಸ್ತಿ ಬಂತು. ಮುಂದಿನ ಸಲ ಹೆಂಡತಿಯನ್ನೂ ಕರೆದುಕೊಂಡು ಬಾ ಎಂದಿದ್ದೇನೆ.