ಹೊಟ್ಟೆಶೂಲೆ ಆಪರೇಷನ್ ಆದ ಕುದುರೆಗೆ ಮೇವು

ವಿಜಯಪುರದ ಟಾಂಗಾದವರು, ಕುದುರೆ ಸಾಕಿದವರು ದಯವಿಟ್ಟು ಗಮನಿಸಿ. ಆಪರೇಷನ್ ಆಗಿ ಬಂದ ಕುದುರೆ ಸೊರಗಿದೆ ಅಂತ ಕಡಲೆ, ಹೊಟ್ಟು ಸುರಿಯಬೇಡಿ. ಡಾಕ್ಟರ್ ಹೇಳುವ ತನಕ ಕಾಳು ಬೇಡವೇ ಬೇಡ. ಒಣ ಜೋಳದ ಕಣಿಕೆಯೂ ಬೇಡ. ಅದು ಒರಟು, ಕರುಳಲ್ಲಿ ಕಟ್ಟಿಕೊಳ್ಳಬಹುದು. ಎಳೆ ಕರಿಕೆ ಹುಲ್ಲನ್ನು ಸ್ವಲ್ಪ ಸ್ವಲ್ಪವೇ, ದಿನಕ್ಕೆ ಆರೇಳು ಸಲ ಹಾಕಿ. ನಮ್ಮ ಕಡೆ ಬಿಸಿಲು ಜಾಸ್ತಿ ಅಲ್ವಾ, ನೀರಿನ ಬಕೆಟ್ ಖಾಲಿ ಇರಬಾರದು.

ದಿನಾ ಲದ್ದಿ ನೋಡಿ. ಬಗ್ಗಿ ಹೊಟ್ಟೆಯ ಕೆಳಗಿನ ಹೊಲಿಗೆಯನ್ನೂ ನೋಡಿ. ಊತ ಹೆಚ್ಚಾದರೆ, ಕೀವು ಜಿನುಗಿದರೆ, ಮೈ ಬಿಸಿ 38.5 ಡಿಗ್ರಿ ಸೆಲ್ಸಿಯಸ್ ದಾಟಿದರೆ ತಕ್ಷಣ ಡಾಕ್ಟರಿಗೆ ಫೋನ್ ಮಾಡಿ. ನೆಲ ಕೆರೆಯುತ್ತಾ ಪಕ್ಕೆ ತಿರುಗಿ ನೋಡಿಕೊಂಡರೆ ಮತ್ತೆ ಹೊಟ್ಟೆನೋವು ಇರಬಹುದು, ಮೊದಲು ಮೇವು ತೆಗೆದುಬಿಡಿ, ಆಮೇಲೆ ಫೋನ್. ಟಾಂಗಾಕ್ಕೆ ಕಟ್ಟುವ ಮಾತು ಎರಡು ಮೂರು ತಿಂಗಳು ಬೇಡ. ಹಗ್ಗ ಹಿಡಿದು ಮೆಲ್ಲಗೆ ಅಡ್ಡಾಡಿಸಿದರೆ ಸಾಕು.